ಎಣಿಸಿದ್ದು ದೀಪ, ಬೇಕಿದ್ದದ್ದು ಬೆಳಕು

ಮುಂಬೈನ ಮರೀನ್ ಡ್ರೈವಿಗೆ ‘ಕ್ವೀನ್ಸ್ ನೆಕ್ಲೆಸ್’ ಎಂಬ ಹೆಸರು ಬಂದದ್ದು ಅಲ್ಲಿನ ದೀಪಗಳಿಂದ. ಮಲಬಾರ್ ಹಿಲ್‌ನ ಎತ್ತರದಿಂದ ರಾತ್ರಿ ನೋಡಿದರೆ ಕಡಲಂಚಿನ ರಸ್ತೆ ಕೊರಳಿನ ಸರದ ಹಾಗೆ ಬಾಗಿ ಹೊಳೆಯುತ್ತದೆ. 2015ರಲ್ಲಿ ಅಲ್ಲಿನ ಹಳದಿ ಸೋಡಿಯಂ ದೀಪಗಳನ್ನು ಇಳಿಸಿ ಬಿಳಿ ಎಲ್‌ಇಡಿ ಹಾಕಿದಾಗ ನಗರದಲ್ಲಿ ದೊಡ್ಡ ಗಲಾಟೆಯೇ ಆಯಿತು. ಚಿನ್ನದ ಸರ ಕಿತ್ತು ಬೆಳ್ಳಿಯದ್ದು ಹಾಕಿದರು ಎಂದು ಒಂದು ಕಡೆಯವರು, ವಿದ್ಯುತ್ ಉಳಿಯುವುದಾದರೆ ಬಣ್ಣದ ಮಾತೇಕೆ ಎಂದು ಇನ್ನೊಂದು ಕಡೆಯವರು. ರಾಜಕೀಯ ಪಕ್ಷಗಳು ಸೇರಿಕೊಂಡವು, ಮಾತು ಹೈಕೋರ್ಟಿನವರೆಗೂ ಹೋಯಿತು. ಕೊನೆಗೆ ಹಳದಿ ಛಾಯೆಯ ಎಲ್‌ಇಡಿ ತಂದು ಎರಡೂ ಕಡೆಯವರನ್ನು ಸಮಾಧಾನ ಮಾಡಲಾಯಿತು.

ಆ ಜಗಳದಲ್ಲಿ ಗಟ್ಟಿಯಾಗಿ ಕೇಳಿಸಿದ್ದು ಎರಡು ಬಗೆಯ ಜನರ ದನಿ: ದೀಪಗಳನ್ನು ದೂರದಿಂದ ನೋಡುವವರದು, ಮತ್ತು ಅವುಗಳ ಬಿಲ್ಲಿನ ಲೆಕ್ಕ ಇಡುವವರದು. ಮೂರನೆಯವರೂ ಇದ್ದರು. ಹೋಟೆಲಿನ ರಾತ್ರಿ ಪಾಳಿ ಮುಗಿಸಿ ಕೊನೆಯ ಲೋಕಲ್ ಹಿಡಿಯಲು ಚರ್ಚ್‌ಗೇಟಿಗೆ ಓಡುವ ಸಪ್ಲೈಯರ್, ಬುಟ್ಟಿ ಹೊತ್ತು ಮನೆಗೆ ತಿರುಗುವ ಶೇಂಗಾ ಮಾರುವವನು, ಕಾಲ್‌ಸೆಂಟರಿನ ಕ್ಯಾಬ್ ಇಳಿದು ಗಲ್ಲಿಯೊಳಗೆ ಒಬ್ಬಳೇ ನಡೆಯುವ ಹುಡುಗಿ. ಹೊಸ ದೀಪದ ಕೆಳಗೆ ಎದುರು ಬರುವವರ ಮುಖ ಇವರಿಗೆ ಕಾಣುತ್ತದೆಯೇ, ಫುಟ್‌ಪಾತಿನ ಕಲ್ಲು ಎದ್ದಿರುವುದು ತಿಳಿಯುತ್ತದೆಯೇ, ಕಣ್ಣಿಗೆ ಚುಚ್ಚುತ್ತದೆಯೇ ಎಂಬ ಪ್ರಶ್ನೆಗಳು ಚರ್ಚೆಯ ಅಂಚಿನಲ್ಲೇ ಉಳಿದವು.

ಕನ್ನಡದಲ್ಲಿ ಈ ವ್ಯತ್ಯಾಸವನ್ನು ಹೇಳಲು ಎರಡು ಪದಗಳು ಸಿದ್ಧವಾಗಿಯೇ ಇವೆ. ದೀಪವನ್ನು ಎಣಿಸಬಹುದು, ಬೆಳಕನ್ನು ಎಣಿಸಲು ಬರುವುದಿಲ್ಲ. ‘ಹತ್ತು ದೀಪ’ ಎನ್ನಬಹುದು. ‘ಹತ್ತು ಬೆಳಕು’ ಎಂದರೆ ಚಿಕ್ಕ ಮಕ್ಕಳೂ ನಗುತ್ತಾರೆ. ಬೆಳಕು ವ್ಯಾಕರಣದಲ್ಲಿ ನೀರಿನ, ಗಾಳಿಯ ಸಾಲಿಗೆ ಸೇರಿದ್ದು. ಅದು ಸಾಕಾಗುತ್ತದೆ ಅಥವಾ ಸಾಲದು, ಅಷ್ಟೆ. ನಗರಸಭೆ ಟೆಂಡರ್ ಕರೆದು ಕೊಳ್ಳುವುದು ದೀಪವನ್ನು. ಬೀದಿಗೆ ಬೇಕಿರುವುದು ಬೆಳಕು. ದೀಪ ಕೊಂಡರೆ ಬೆಳಕು ತಾನಾಗಿ ಬಂದಂತೆ ಎಂಬ ನಂಬಿಕೆಯ ಮೇಲೆ ಬೀದಿದೀಪಗಳ ಇಡೀ ಆಡಳಿತ ನಿಂತಿದೆ. ಆ ನಂಬಿಕೆ ತಪ್ಪು. ಎಷ್ಟು ತಪ್ಪು ಎಂಬುದನ್ನು ತೋರಿಸಿಕೊಡಲು ಇವತ್ತು ಹೆಚ್ಚಿನವರಿಗೆ ಹೆಸರೂ ನೆನಪಿಲ್ಲದ ಒಂದು ದೀಪವಿದೆ. ಅದು ಇಂಡಕ್ಷನ್ ದೀಪ.

ಮೊದಲಿದ್ದ ದೀಪಗಳು

ಇಂಡಕ್ಷನ್ ದೀಪ ಏನನ್ನು ಸರಿಪಡಿಸಲು ಬಂತು ಎಂದು ತಿಳಿಯಬೇಕಾದರೆ ಅದಕ್ಕಿಂತ ಮೊದಲು ಕಂಬದ ಮೇಲೆ ಏನಿತ್ತು ಎಂದು ನೋಡಬೇಕು. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ಅದು ಬಂದದ್ದು 1905ರ ಆಗಸ್ಟಿನಲ್ಲಿ, ಈಗಿನ ಕೃಷ್ಣರಾಜ ಮಾರುಕಟ್ಟೆಯ ಆಸುಪಾಸಿನಲ್ಲಿ. ಸೀಮೆಎಣ್ಣೆ ದೀಪ ನೋಡಿದ್ದ ಕಣ್ಣಿಗೆ ಅದೇ ದೊಡ್ಡ ಬೆರಗು. ತಂತಿ ಕಾದು ಬೆಳಗುವ ಬಲ್ಬು ಒಂದು ವ್ಯಾಟ್ ವಿದ್ಯುತ್ತಿಗೆ ಕೊಡುವುದು ಹತ್ತು ಹದಿನೈದು ಲ್ಯೂಮೆನ್ ಬೆಳಕು ಮಾತ್ರ, ಉಳಿದದ್ದೆಲ್ಲ ಶಾಖ.

ಆಮೇಲೆ ಬಂದ ಪಾದರಸದ ದೀಪ ವ್ಯಾಟಿಗೆ ಸುಮಾರು 50 ಲ್ಯೂಮೆನ್ ಕೊಟ್ಟಿತು, ಜೊತೆಗೆ ಮುಖಗಳಿಗೆಲ್ಲ ಒಂದು ನೀಲಿ-ಹಸಿರು ಬಣ್ಣ ಬಳಿಯಿತು. ಟ್ಯೂಬ್‌ಲೈಟ್ ಇನ್ನೂ ಹೆಚ್ಚು ಕೊಟ್ಟಿತು. ಬಣ್ಣವೂ ಚೆನ್ನಾಗಿತ್ತು, ಆದರೆ ಮಳೆಗಾಲ ಬಂದರೆ ಚೋಕು, ಸ್ಟಾರ್ಟರಿನ ಗೋಳು. ಸೋಡಿಯಂ ದೀಪಗಳಲ್ಲಿ ಎರಡು ಜಾತಿ. ಕಡಿಮೆ ಒತ್ತಡದ್ದು ವ್ಯಾಟಿಗೆ 180 ಲ್ಯೂಮೆನ್‌ವರೆಗೂ ಕೊಡಬಲ್ಲದು, ಆದರೆ ಅದರ ಬೆಳಕು ಬರೀ ಹಳದಿ. ಅದರಡಿ ಕೆಂಪು ಸೀರೆ, ನೀಲಿ ಸೀರೆ ಎರಡೂ ಕಪ್ಪುಬೂದು. ಹೆಚ್ಚಿನ ಒತ್ತಡದ ಸೋಡಿಯಂ 100 ಲ್ಯೂಮೆನ್ ದಾಟುತ್ತದೆ, ಬಣ್ಣಗಳೂ ಅರೆಬರೆ ತಿಳಿಯುತ್ತವೆ. ಮುಂಬೈ, ಪುಣೆ, ಚೆನ್ನೈ, ದೆಹಲಿಯ ರಸ್ತೆಗಳನ್ನು ದಶಕಗಳ ಕಾಲ ಬೆಳಗಿದ ‘ಹಳದಿ ಲೈಟು’ ಇದೇ. ಸಾಯುವ ಮುಂಚೆ ಉರಿದು ಆರಿ, ಆರಿ ಉರಿದು ಇಡೀ ಬೀದಿಗೆ ತನ್ನ ಸಂಕಟ ತಿಳಿಸುತ್ತಿದ್ದ ದೀಪವೂ ಇದೇ.

ಇವುಗಳಲ್ಲಿ ಯಾವುದೂ ಕೆಟ್ಟ ದೀಪವಲ್ಲ. ಒಂದೊಂದರದ್ದು ಒಂದೊಂದು ಕೊಡುಕೊಳ್ಳುವ ವ್ಯವಹಾರ: ಲ್ಯೂಮೆನ್ ಬೇಕಾದರೆ ಬಣ್ಣ ಬಿಡಬೇಕು, ಬಣ್ಣ ಬೇಕಾದರೆ ರಿಪೇರಿ ಒಪ್ಪಿಕೊಳ್ಳಬೇಕು. ಹಳೆಯ ದೀಪಗಳಲ್ಲಿ ಒಂದು ಸದ್ಗುಣವೂ ಇತ್ತು. ಬಲ್ಬು ಬೇರೆ, ಚೋಕು ಬೇರೆ, ಇಗ್ನೈಟರ್ ಬೇರೆ. ಯಾವುದು ಹೋದರೂ ಅದನ್ನಷ್ಟೇ ತೆಗೆದು ಯಾವ ಕಂಪನಿಯದನ್ನಾದರೂ ಹಾಕಬಹುದಿತ್ತು. ತಾಲೂಕು ಊರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಅವು ಸಿಗುತ್ತಿದ್ದವು.

22 ವರ್ಷದ ವಾಗ್ದಾನ

ಇಂಡಕ್ಷನ್ ಒಲೆ ಗೊತ್ತಿರುವವರಿಗೆ ಇಂಡಕ್ಷನ್ ದೀಪ ಅರ್ಥವಾಗುವುದು ಕಷ್ಟವಲ್ಲ. ಒಲೆಯಲ್ಲಿ ಗಾಜಿನ ಹಲಗೆಯ ಕೆಳಗಿರುವ ಸುರುಳಿ ತಂತಿಯಲ್ಲಿ ವೇಗವಾಗಿ ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತದೆ. ಅದರಿಂದ ಹುಟ್ಟುವ ಕಾಂತಕ್ಷೇತ್ರ ಪಾತ್ರೆಯ ತಳದಲ್ಲೇ ವಿದ್ಯುತ್ತನ್ನು ಎಬ್ಬಿಸಿ ಅದನ್ನು ಕಾಯಿಸುತ್ತದೆ. ಪಾತ್ರೆಗೂ ತಂತಿಗೂ ಎಲ್ಲೂ ಸಂಪರ್ಕವಿಲ್ಲ. ದೀಪದಲ್ಲಿ ಪಾತ್ರೆಯ ಜಾಗದಲ್ಲಿ ಗಾಜಿನ ಬುರುಡೆಯೊಳಗಿನ ಅನಿಲವಿದೆ. ಹೊರಗಿನ ಸುರುಳಿಯ ಕಾಂತಕ್ಷೇತ್ರಕ್ಕೆ ಆ ಅನಿಲದೊಳಗೆ ವಿದ್ಯುತ್ ಹರಿಯುತ್ತದೆ, ಅದರಲ್ಲಿರುವ ಚೂರು ಪಾದರಸ ನೇರಳಾತೀತ ಕಿರಣ ಹೊಮ್ಮಿಸುತ್ತದೆ, ಗಾಜಿನ ಒಳಗೋಡೆಯ ಲೇಪ ಅದನ್ನು ಬಿಳಿ ಬೆಳಕಾಗಿ ಮಾರ್ಪಡಿಸುತ್ತದೆ. ಅಂದರೆ ಇದು ಟ್ಯೂಬ್‌ಲೈಟಿನ ದಾಯಾದಿ. ವ್ಯತ್ಯಾಸ ಒಂದೇ. ಟ್ಯೂಬ್‌ಲೈಟಿನ ಎರಡು ತುದಿಗಳಲ್ಲಿ ವಿದ್ಯುತ್ತನ್ನು ಒಳಗೆ ಬಿಡುವ ತಂತಿಗಳಿವೆ; ಪ್ರತಿ ಸಲ ಹೊತ್ತಿಸಿದಾಗಲೂ ಅವು ಸ್ವಲ್ಪ ಸ್ವಲ್ಪ ಸವೆಯುತ್ತವೆ. ಹಳೆಯ ಟ್ಯೂಬಿನ ತುದಿ ಕಪ್ಪಾಗುವುದು ಅದಕ್ಕೇ. ಇಂಡಕ್ಷನ್ ದೀಪದಲ್ಲಿ ಆ ತಂತಿಗಳೇ ಇಲ್ಲ, ಹಾಗಾಗಿ ಸವೆಯುವ ಮಾತೂ ಇಲ್ಲ.

ಈ ವಿಚಾರ ಹೊಸದಲ್ಲ. ನಿಕೋಲಾ ಟೆಸ್ಲಾ 1890ರ ದಶಕದಲ್ಲೇ ತಂತಿ ಮುಟ್ಟದ ದೀಪಗಳನ್ನು ಸಭಿಕರೆದುರು ಬೆಳಗಿಸಿ ತೋರಿಸಿದ್ದ. ಆದರೆ ಸುರುಳಿಗೆ ಬೇಕಾದ ವೇಗದ ವಿದ್ಯುತ್ತನ್ನು ಅಗ್ಗವಾಗಿ ತಯಾರಿಸುವ ಎಲೆಕ್ಟ್ರಾನಿಕ್ಸ್ ಬರುವ ತನಕ ಅದು ಪ್ರದರ್ಶನದ ವಸ್ತುವಾಗಿಯೇ ಇತ್ತು. 1991ರಲ್ಲಿ ಫಿಲಿಪ್ಸ್ ಅದನ್ನು ‘ಕ್ಯೂಎಲ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಆಮೇಲೆ ಜನರಲ್ ಎಲೆಕ್ಟ್ರಿಕ್, ಓಸ್ರಾಮ್ ತಮ್ಮ ತಮ್ಮ ದೀಪಗಳೊಂದಿಗೆ ಬಂದವು. ಹೇಳಿಕೊಂಡ ಆಯಸ್ಸು ಒಂದು ಲಕ್ಷ ಗಂಟೆ. ಬೀದಿದೀಪ ರಾತ್ರಿಗೆ 12 ಗಂಟೆ ಉರಿದರೆ ವರ್ಷಕ್ಕೆ 4,380 ಗಂಟೆ. ಒಂದು ಲಕ್ಷ ಗಂಟೆ ಎಂದರೆ 22 ವರ್ಷಕ್ಕೂ ಮೇಲೆ. ಕಂಬಕ್ಕೆ ಏಣಿ ಹಾಕಿದವನ ಮಗ ಕೆಲಸಕ್ಕೆ ಸೇರುವ ಹೊತ್ತಿಗೆ ಬದಲಿಸಿದರೆ ಸಾಕು!

ಗುಣಗಳೂ ಸುಳ್ಳಲ್ಲ. ಬಣ್ಣ ಚೆನ್ನಾಗಿ ತಿಳಿಯುತ್ತಿತ್ತು. ಕರೆಂಟು ಹೋಗಿ ಬಂದರೆ ಸೋಡಿಯಂ ದೀಪದ ಹಾಗೆ ಹತ್ತು ನಿಮಿಷ ಕಾಯಿಸುತ್ತಿರಲಿಲ್ಲ, ತಕ್ಷಣ ಹೊತ್ತಿಕೊಳ್ಳುತ್ತಿತ್ತು. ಬೆಳಕು ದೊಡ್ಡ ಬುರುಡೆಯಿಂದ ಹರಡಿ ಬರುತ್ತಿದ್ದುದರಿಂದ ಕಣ್ಣಿಗೆ ಚುಚ್ಚುತ್ತಿರಲಿಲ್ಲ. ಸುರಂಗ, ಎತ್ತರದ ಸೂರು, ಏಣಿ ಇಡಲಾಗದ ಜಾಗಗಳಲ್ಲಿ ಅದು ನಿಜಕ್ಕೂ ಒಳ್ಳೆಯ ದೀಪ.

ಬೀದಿಯಲ್ಲಿ ಮಾತ್ರ ಅದರ ಕೊರತೆ ಬೇರೆ ಕಡೆಯಿಂದ ಎದುರಾಯಿತು. ಕಣ್ಣಿಗೆ ಹಿತವೆನಿಸಿದ ಆ ದೊಡ್ಡ ಬುರುಡೆಯೇ ಅಡ್ಡಿ. ಅಷ್ಟು ದೊಡ್ಡ ಮೂಲದಿಂದ ಬರುವ ಬೆಳಕನ್ನು ಬೇಕಾದ ಕಡೆಗೆ ತಿರುಗಿಸುವುದು ಕಷ್ಟ. ರಸ್ತೆಗೆ ಬೀಳಬೇಕಾದದ್ದರಲ್ಲಿ ಒಂದು ಪಾಲು ಎದುರು ಮನೆಯ ಬಾಲ್ಕನಿಗೆ, ಇನ್ನೊಂದು ಪಾಲು ದೀಪದ ಪೆಟ್ಟಿಗೆಯೊಳಗೇ. ವ್ಯಾಟಿಗೆ ಅದು ಕೊಡುತ್ತಿದ್ದದ್ದೇ ಸುಮಾರು 70 ಲ್ಯೂಮೆನ್, ಸೋಡಿಯಂಗಿಂತ ಕಡಿಮೆ. ಬುರುಡೆ 22 ವರ್ಷ ಬಾಳಬಹುದು. ಅದನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಬಿಸಿಲಲ್ಲಿ, ಸಿಡಿಲಲ್ಲಿ, ಏರಿಳಿಯುವ ವೋಲ್ಟೇಜಿನಲ್ಲಿ ಅಷ್ಟು ಬಾಳಬೇಕಲ್ಲ? ಒಂದು ಕಂಪನಿಯ ಪೆಟ್ಟಿಗೆ ಇನ್ನೊಂದರ ಬುರುಡೆಗೆ ಹೊಂದುತ್ತಿರಲಿಲ್ಲ. ತಯಾರಕರು ಅಂಗಡಿ ಮುಚ್ಚಿದರೆ ಗಟ್ಟಿಮುಟ್ಟಾದ ಬುರುಡೆಯೂ ಗುಜರಿಗೆ.

ಕೊರತೆ ಮುಚ್ಚಲು ಮಾರಾಟಗಾರರು ಹಿಡಿದ ದಾರಿಯನ್ನು ಇಲ್ಲಿ ಗಮನಿಸಬೇಕು, ಏಕೆಂದರೆ ಅದೇ ದಾರಿಯಲ್ಲಿ ಮುಂದೆ ಎಲ್‌ಇಡಿಯೂ ನಡೆಯಿತು. ಕಣ್ಣಿನಲ್ಲಿ ಎರಡು ಬಗೆಯ ಗ್ರಾಹಕಗಳಿವೆ. ಹಗಲಿಗೆ, ಬಣ್ಣಕ್ಕೆ ಶಂಕುಗಳು. ಗಾಢ ಕತ್ತಲೆಗೆ ದಂಡಗಳು. ದಂಡಗಳಿಗೆ ನೀಲಿ-ಹಸಿರು ಬೆಳಕು ಚೆನ್ನಾಗಿ ಕಾಣುತ್ತದೆ, ಹಳದಿ ಅಷ್ಟಾಗಿ ಕಾಣದು. ರಾತ್ರಿಯಲ್ಲವೇ, ಹಾಗಾದರೆ ದಂಡಗಳ ಲೆಕ್ಕ ಹಿಡಿಯೋಣ ಎಂದು ಮಾರಾಟಗಾರರು ಲ್ಯೂಮೆನ್ನಿಗೆ ಒಂದು ಗುಣಕ ಸೇರಿಸಿದರು. ಸೋಡಿಯಂಗೆ ಸುಮಾರು 0.6, ಬಿಳಿ ಇಂಡಕ್ಷನ್ನಿಗೆ 2ರ ಹತ್ತಿರ. ಕಾಗದದ ಮೇಲೆ ಸೋಡಿಯಂ ಅರ್ಧಕ್ಕಿಳಿಯಿತು, ಇಂಡಕ್ಷನ್ ಇಮ್ಮಡಿಯಾಯಿತು.

ಆದರೆ ದಂಡಗಳು ಮಾತ್ರ ಕೆಲಸ ಮಾಡುವುದು ನಕ್ಷತ್ರದ ಬೆಳಕಿನಷ್ಟು ಕತ್ತಲಿರುವಲ್ಲಿ. ದೀಪವಿರುವ ಬೀದಿ ಅಷ್ಟು ಕತ್ತಲಲ್ಲ. ಅಲ್ಲಿ ಎರಡೂ ಕೂಡಿ ದುಡಿಯುತ್ತವೆ, ಗುಣಕದ ಲಾಭ ಬಹುಪಾಲು ಕರಗುತ್ತದೆ. ಇನ್ನೊಂದು ಮಾತು. ನೇರವಾಗಿ ನೋಡುವಾಗ ಬಿಂಬ ಬೀಳುವ ಕಣ್ಣಿನ ನಡುಚುಕ್ಕೆಯಲ್ಲಿ ದಂಡಗಳೇ ಇಲ್ಲ. ಎದುರು ಬರುವವನ ಮುಖ, ಆಟೋದ ನಂಬರು, ಬಸ್ಸಿನ ಬೋರ್ಡು, ಇವನ್ನೆಲ್ಲ ನೋಡುವುದು ಆ ಚುಕ್ಕೆಯಿಂದ. ಗುಣಕ ಹಾಕಿ ಇಮ್ಮಡಿಸಿದ ಬೆಳಕು ಕ್ಯಾಟಲಾಗಿನಲ್ಲಿತ್ತೇ ಹೊರತು ಬೀದಿಯಲ್ಲಿರಲಿಲ್ಲ.

ಒಂದು ಊರು, ನಾಲ್ಕು ದೀಪ

ಹಳೆಯ ದೀಪ, ಇಂಡಕ್ಷನ್, ಹೊಸ ದೀಪ ಮೂರನ್ನೂ ಒಂದೇ ಊರಿನಲ್ಲಿಟ್ಟು ಹೋಲಿಸಬೇಕೆಂದರೆ ಅಮೆರಿಕದ ಸ್ಯಾನ್ ಡಿಯೇಗೋ ನಗರವನ್ನು ನೋಡಬೇಕು. ಅದರ ಉತ್ತರಕ್ಕೆ ಪಾಲೊಮಾರ್ ಬೆಟ್ಟದಲ್ಲಿ 200 ಅಂಗುಲದ ಪ್ರಸಿದ್ಧ ದೂರದರ್ಶಕವಿದೆ. ನಗರದ ಬೆಳಕು ಆಕಾಶವನ್ನು ಕಲಕದಿರಲಿ ಎಂದು ಖಗೋಳಶಾಸ್ತ್ರಜ್ಞರು ಕೇಳಿಕೊಂಡರು. 1980ರ ದಶಕದಲ್ಲಿ ನಗರ ಕಡಿಮೆ ಒತ್ತಡದ ಸೋಡಿಯಂ ದೀಪಗಳಿಗೆ ಒಪ್ಪಿತು. ಅದರ ಬೆಳಕು ಒಂದೇ ಬಣ್ಣದ್ದಾದ್ದರಿಂದ ದೂರದರ್ಶಕದಲ್ಲಿ ಸೋಸಿ ತೆಗೆಯಬಹುದು. ಬೀದಿಯಲ್ಲಿದ್ದವರಿಗೆ ಬಣ್ಣಗಳು ಕಾಣದಾದವು. 1990ರ ದಶಕದಲ್ಲಿ ಸುರಕ್ಷತೆಯ ಮಾತೆತ್ತಿ ಹಲವು ಕಡೆ ಹೆಚ್ಚಿನ ಒತ್ತಡದ ಸೋಡಿಯಂಗೆ ತಿರುಗಿದರು. ಆಮೇಲೆ ವಿದ್ಯುತ್ ಬಿಲ್ಲಿನ ಕಾಲ ಬಂತು. ಎಲ್‌ಇಡಿ, ಇಂಡಕ್ಷನ್ ಎರಡನ್ನೂ ಬೀದಿಯಲ್ಲೇ ಹಚ್ಚಿ ಹೋಲಿಸಿ ನೋಡಿದ ನಗರ, 2011ರ ಆಸುಪಾಸಿನಲ್ಲಿ ಸುಮಾರು 35,000 ದೀಪಗಳಿಗೆ ಇಂಡಕ್ಷನ್ನನ್ನೇ ಆರಿಸಿತು. ಆಗ ಎಲ್‌ಇಡಿ ದುಬಾರಿ. ಲೆಕ್ಕ ಸರಿಯಾಗಿಯೇ ಇತ್ತು.

ಆ ಇಂಡಕ್ಷನ್ ದೀಪಗಳಿಗೆ ಹತ್ತು ವರ್ಷವೂ ತುಂಬುವ ಮೊದಲೇ ಇನ್ನೊಂದು ಯೋಜನೆ ಬಂತು. 2017ರಲ್ಲಿ ಘೋಷಿಸಿದ ಪ್ರಕಾರ ನಗರದ 14,000 ದೀಪಗಳು ಎಲ್‌ಇಡಿಗೆ ಬದಲಾಗಬೇಕಿತ್ತು. ಅದರ ಜೊತೆಗೆ ಕಂಬಗಳ ಮೇಲೆ 3,200 ಸಂವೇದಕ ಪೆಟ್ಟಿಗೆಗಳು. ವಾಹನ ದಟ್ಟಣೆ, ಪಾರ್ಕಿಂಗ್, ಹವೆಯ ಮಾಹಿತಿ ಕೂಡಿಸಲು ಎಂದು ಹೇಳಿದ್ದ ಆ ಪೆಟ್ಟಿಗೆಗಳಲ್ಲಿ ಕ್ಯಾಮೆರಾಗಳಿದ್ದವು. ಅದರ ದೃಶ್ಯಗಳನ್ನು ಪೊಲೀಸರು ಬಳಸುತ್ತಿರುವುದು 2019ರ ಹೊತ್ತಿಗೆ ಜನರಿಗೆ ತಿಳಿದಾಗ ದೊಡ್ಡ ವಿರೋಧವೆದ್ದಿತು. 2020ರ ಸೆಪ್ಟೆಂಬರಿನಲ್ಲಿ ಮೇಯರ್ ಕ್ಯಾಮೆರಾ ಬಂದ್ ಮಾಡಲು ಆದೇಶಿಸಿದರು. 2023ರಲ್ಲಿ ನಗರ ಮತ್ತೆ ಒಪ್ಪಿಗೆ ಕೊಟ್ಟಿತು, ಈ ಸಲ ಪೊಲೀಸರ ಹೆಸರಿನಲ್ಲೇ, ನಂಬರ್ ಪ್ಲೇಟ್ ಓದುವ ಯಂತ್ರದ ಜೊತೆಗೆ.

ಮೊದಲ ದೀಪವನ್ನು ಆರಿಸಿದ್ದು ಆಕಾಶ ನೋಡುವವರಿಗಾಗಿ, ಮೂರನೆಯದು ಬಿಲ್ಲು ಕಟ್ಟುವವರಿಗಾಗಿ, ನಾಲ್ಕನೆಯದು ಮಾಹಿತಿ ಕೂಡಿಸುವವರಿಗಾಗಿ. ನಡೆಯುವವರ ಹೆಸರು ಹೇಳಿ ಆರಿಸಿದ್ದು ಎರಡನೆಯದೊಂದೇ. ಈ ಕಥೆಯಿಂದ ಇಂಡಕ್ಷನ್ ಕೆಟ್ಟದ್ದು, ಎಲ್‌ಇಡಿ ಒಳ್ಳೆಯದು ಎಂಬ ನೀತಿ ತೆಗೆಯುವವರು ತಪ್ಪು ಪುಟ ಓದುತ್ತಿದ್ದಾರೆ. ದೀಪದ ಮೇಲೆ ಬರೆದ ಆಯಸ್ಸಿಗೂ ಅದನ್ನು ಕೊಂಡ ಆಡಳಿತದ ಆಸಕ್ತಿಯ ಆಯಸ್ಸಿಗೂ ಸಂಬಂಧವಿಲ್ಲ ಎಂಬುದೇ ಈ ಊರಿನ ಪಾಠ.

ಎಲ್‌ಇಡಿ ಗೆದ್ದಿದೆ, ಬೀದಿ?

ಎಲ್‌ಇಡಿ ನ್ಯಾಯವಾಗಿಯೇ ಗೆದ್ದಿದೆ. ನೀಲಿ ಎಲ್‌ಇಡಿ ಕಂಡುಹಿಡಿದ ಮೂವರಿಗೆ 2014ರಲ್ಲಿ ನೊಬೆಲ್ ಬಂದದ್ದು ಸುಮ್ಮನೆ ಅಲ್ಲ. ಇವತ್ತಿನ ಒಳ್ಳೆಯ ಬೀದಿದೀಪ ವ್ಯಾಟಿಗೆ 120ರಿಂದ 150 ಲ್ಯೂಮೆನ್ ಕೊಡುತ್ತದೆ. ಚಿಪ್ಪು ಸಾಸಿವೆ ಗಾತ್ರದ್ದಾದ್ದರಿಂದ ಮೇಲೊಂದು ಮಸೂರ ಕೂರಿಸಿ ಬೆಳಕನ್ನು ಎಲ್ಲಿಗೆ ಬೇಕೋ ಅಲ್ಲಿಗೇ ಬೀಳಿಸಬಹುದು. ಪಾದರಸವಿಲ್ಲ. ನಡುರಾತ್ರಿ ಬೇಕಾದಷ್ಟು ಕುಗ್ಗಿಸಬಹುದು. ಇಂಡಕ್ಷನ್ನಿನ ಕಾಲ ಮತ್ತೆ ಬರಲಿ ಎನ್ನಲು ಯಾವ ಕಾರಣವೂ ಇಲ್ಲ.

ತಕರಾರು ಇರುವುದು ಎಲ್‌ಇಡಿಯನ್ನು ಕೊಳ್ಳುವ ಲೆಕ್ಕದ ಬಗ್ಗೆ. ಕೇಂದ್ರ ಸರ್ಕಾರದ ಬೀದಿದೀಪ ಯೋಜನೆ 2015ರ ಜನವರಿ 5ರಂದು ಶುರುವಾಯಿತು. ಇಇಎಸ್‌ಎಲ್ ಎಂಬ ಸರ್ಕಾರಿ ಕಂಪನಿ ಮೊದಲು ಹಣ ಹಾಕಿ ದೀಪ ಬದಲಿಸುತ್ತದೆ, ನಗರಸಂಸ್ಥೆ ಉಳಿತಾಯದ ಹಣದಿಂದ ಕಂತುಕಂತಾಗಿ ತೀರಿಸುತ್ತದೆ. ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ದೀಪಗಳು ಹೀಗೆ ಬದಲಾಗಿವೆ. ಕೈಯಲ್ಲಿ ಕಾಸಿಲ್ಲದ ಪುರಸಭೆಗೂ ಹೊಸ ದೀಪ ಸಿಕ್ಕಿದ್ದು ಸಣ್ಣ ಸಾಧನೆಯಲ್ಲ.

ಆದರೆ ಉಳಿತಾಯವೇ ಕಂತಾದರೆ ಅಳತೆಗೋಲು ವ್ಯಾಟ್ ಆಗುತ್ತದೆ. ಹಳೆಯ ವ್ಯಾಟಿನಲ್ಲಿ ಹೊಸ ವ್ಯಾಟು ಕಳೆದು, ಗಂಟೆಯಿಂದ ಗುಣಿಸಿದರೆ ಯಶಸ್ಸಿನ ಅಂಕಿ ಸಿದ್ಧ. ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಉಳಿಸುವ ದೀಪ ಯಾವುದು? ಕೆಟ್ಟು ಆರಿಹೋದ ದೀಪ. ಗುತ್ತಿಗೆಗಳಲ್ಲಿ ಶೇಕಡ ಇಷ್ಟು ದೀಪ ಉರಿಯುತ್ತಿರಬೇಕು, ಇಲ್ಲದಿದ್ದರೆ ದಂಡ ಎಂಬ ಷರತ್ತು ಇರುತ್ತದೆ ಎಂದು ಅಧಿಕಾರಿಗಳು ಹೇಳುತ್ತಾರೆ. ಇರುತ್ತದೆ, ನಿಜ. ಅಲ್ಲಿ ಎಣಿಸುವುದೂ ದೀಪವನ್ನೇ. ಧೂಳು ಮುಚ್ಚಿ, ಚಿಪ್ಪು ಮಂಕಾಗಿ, ಅರ್ಧ ಬೆಳಕು ಕೊಡುವ ದೀಪವೂ ‘ಉರಿಯುವ ದೀಪ’ವೇ. ಮಳೆಮರದ ರೆಂಬೆಗಳ ಮೇಲೆ ನಿಂತು ಎಲೆಗಳನ್ನಷ್ಟೇ ಬೆಳಗುವ ದೀಪವೂ ಪಟ್ಟಿಯಲ್ಲಿ ಒಂದು. ‘ದೀಪದ ಬುಡ ಕತ್ತಲೆ’ ಎಂಬ ಗಾದೆ ಕಟ್ಟಿದವರು ಪುಣೆಯ ಅಥವಾ ಬೆಂಗಳೂರಿನ ಮರದ ಸಾಲಿನ ರಸ್ತೆಯಲ್ಲಿ ರಾತ್ರಿ ನಡೆದು ನೋಡಿದ್ದರೆ ಅದನ್ನು ಗಾದೆ ಎನ್ನದೆ ದೂರುಪತ್ರ ಎನ್ನುತ್ತಿದ್ದರು.

ಬೆಳಕನ್ನು ಅಳೆಯಲು ಬರುವುದಿಲ್ಲವೇ? ಬರುತ್ತದೆ. ಐಎಸ್ 1944 ಎಂಬ ಭಾರತೀಯ ಮಾನಕ ಮುಖ್ಯ ರಸ್ತೆಗೆ ಸರಾಸರಿ 30 ಲಕ್ಸ್, ಸಣ್ಣ ಬೀದಿಗೆ 4 ಲಕ್ಸ್ ಎಂದು ದರ್ಜೆವಾರು ಹೇಳುತ್ತದೆ. ಬೆಳಕು ಎಷ್ಟು ಸಮವಾಗಿ ಹರಡಬೇಕೆಂದೂ ಹೇಳುತ್ತದೆ. ಲಕ್ಸ್ ಮಾಪಕ ಅಂಗೈಯಲ್ಲಿ ಹಿಡಿಯುವ ಅಗ್ಗದ ಉಪಕರಣ. ಕೊರತೆ ಉಪಕರಣದ್ದಲ್ಲ. ಅಳೆದದ್ದನ್ನು ಪಾವತಿಗೆ ಜೋಡಿಸುವ ಮನಸ್ಸು ಇಲ್ಲ. ಮೇಲಾಗಿ ಈ ದರ್ಜೆಗಳನ್ನು ಕಟ್ಟಿರುವುದು ಗಾಡಿ ಓಡುವ ಡಾಂಬರನ್ನು ಮುಂದಿಟ್ಟುಕೊಂಡು. ಹೆಚ್ಚಿನವರು ನಡೆಯುವ ಅಂಚಿಗೆ ಸಿಗುವುದು ಮಿಕ್ಕಿದ ಬೆಳಕು.

ಬಣ್ಣದ ಮಾತೂ ಇಲ್ಲಿಗೇ ಸೇರುತ್ತದೆ. ಹಿಂದೆ ಇಂಡಕ್ಷನ್ ಮಾರಿದ ಗುಣಕದ ವಾದ ಬಿಳಿ ಎಲ್‌ಇಡಿಗೂ ಹೊಂದಿಕೊಂಡಿತು: ನೀಲಿ ಹೆಚ್ಚಿದಷ್ಟೂ ಒಳ್ಳೆಯದು. ಇಲ್ಲಿನ ಬೀದಿಗಳಲ್ಲಿ ಸಾಮಾನ್ಯವಾಗಿ ಕಾಣುವುದು 5,000 ಕೆಲ್ವಿನ್‌ಗೂ ಮೇಲಿನ ತಣ್ಣನೆಯ ಬಿಳಿ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 2016ರಲ್ಲೇ ಬೀದಿಗೆ 3,000 ಕೆಲ್ವಿನ್ ಅಥವಾ ಅದಕ್ಕಿಂತ ಕಡಿಮೆಯದನ್ನು ಬಳಸಿ ಎಂದು ಸಲಹೆ ಕೊಟ್ಟಿತು. ನೀಲಿ ಬೆಳಕು ಕಣ್ಣಿನೊಳಗೆ ಹೆಚ್ಚು ಚದುರುತ್ತದೆ, ನಿದ್ದೆಯ ಲಯಕ್ಕೆ ಅಡ್ಡ ಬರುತ್ತದೆ ಎಂಬುದು ಅದರ ಕಾರಣ. ದೀಪದ ಎಂಜಿನಿಯರುಗಳಲ್ಲಿ ಕೆಲವರು ಆ ಸಲಹೆಯನ್ನು ಒಪ್ಪಲಿಲ್ಲ. ಬಣ್ಣಕ್ಕಿಂತ ಬೆಳಕಿನ ಪ್ರಮಾಣ ಮುಖ್ಯ ಎಂದರು. ವಾದ ಏನೇ ಇರಲಿ, ಅರವತ್ತು ದಾಟಿದ, ಕಣ್ಣಿಗೆ ಪೊರೆ ಬರುತ್ತಿರುವ ಒಬ್ಬರನ್ನು ಮುಚ್ಚಳವಿಲ್ಲದ ಬಿಳಿ ಎಲ್‌ಇಡಿಯ ಕೆಳಗೆ ರಸ್ತೆ ದಾಟಿಸಿ ನೋಡಿದರೆ ವಿಷಯ ತಿಳಿಯುತ್ತದೆ. ದೀಪ ಕಣ್ಣು ಕುಕ್ಕುವಷ್ಟು ಕಾಣುತ್ತದೆ, ಗುಂಡಿ ಕಾಣುವುದಿಲ್ಲ.

ಇನ್ನು ರಿಪೇರಿ. ಹಲವು ಎಲ್‌ಇಡಿ ದೀಪಗಳಲ್ಲಿ ಚಿಪ್ಪಿನ ಹಲಗೆ, ಅದನ್ನು ನಡೆಸುವ ಡ್ರೈವರ್, ಹೊರಕವಚ ಎಲ್ಲವೂ ಒಂದೇ ಕಂಪನಿಯ ಒಂದೇ ಗಂಟು. ಮೊದಲು ಕೆಡುವುದು ಸಾಮಾನ್ಯವಾಗಿ ಡ್ರೈವರ್. ಅದರೊಂದಿಗೆ ಚೆನ್ನಾಗಿರುವ ಚಿಪ್ಪೂ ಗುಜರಿಗೆ ಹೋಗುತ್ತದೆ. ಇಂಡಕ್ಷನ್ನಿನ ಪೆಟ್ಟಿಗೆಗೆ ಆದ ಗತಿಯೇ ಇದಕ್ಕೂ. ಬೆಂಗಳೂರಿನಲ್ಲಿ ಸುಮಾರು 5 ಲಕ್ಷ ದೀಪಗಳನ್ನು ಒಟ್ಟಿಗೆ ಎಲ್‌ಇಡಿಗೆ ಬದಲಿಸುವ ದೊಡ್ಡ ಗುತ್ತಿಗೆ ಕೆಲಸ ಮುಗಿಯುವ ಮೊದಲೇ ರದ್ದಾಯಿತು. ಅಂಥ ಹೊತ್ತಿನಲ್ಲಿ ಕೆಟ್ಟ ದೀಪಕ್ಕೆ ಬಿಡಿಭಾಗ ಯಾರು ಕೊಡುತ್ತಾರೆ ಎಂಬುದು ಲೈನ್‌ಮನ್‌ಗೂ ಗೊತ್ತಿರುವುದಿಲ್ಲ, ವಾರ್ಡಿನ ಎಂಜಿನಿಯರಿಗೂ ಗೊತ್ತಿರುವುದಿಲ್ಲ.

ಬಡವರ ಹೆಸರಿನಲ್ಲಿ

ಇಷ್ಟು ಹೇಳಿದಾಗ ಒಂದು ಆಕ್ಷೇಪ ತಪ್ಪದೆ ಬರುತ್ತದೆ. ಎಷ್ಟೋ ಬೀದಿಗಳಿಗೆ ಇನ್ನೂ ದೀಪವೇ ಇಲ್ಲ. ಮೊದಲು ಅಲ್ಲಿಗೆ ಯಾವುದಾದರೂ ದೀಪ ಹೋಗಲಿ, ಹಳದಿಯೋ ಬಿಳಿಯೋ ಎಂಬ ನಾಜೂಕು ಶ್ರೀಮಂತರ ಬಡಾವಣೆಗಳಿಗೆ ಎಂದು. ಕೇಳಲು ಸರಿ ಎನಿಸುವ ಮಾತು. ಆದರೆ ರಾತ್ರಿ ಹನ್ನೊಂದಕ್ಕೆ ಫುಟ್‌ಪಾತಿನಲ್ಲಿ ಇರುವವರು ಯಾರು? ಕಾರಿನವರಿಗೆ ತಮ್ಮದೇ ಹೆಡ್‌ಲೈಟ್ ಇದೆ. ಬೀದಿದೀಪವನ್ನೇ ನಂಬಿದವರು ನಡೆದು ಹೋಗುವವರು, ಸೈಕಲ್ಲಿನವರು, ಬಸ್‌ಸ್ಟಾಪಿನಲ್ಲಿ ನಿಂತವರು. ಒಳ್ಳೆಯ ಬೆಳಕು ಬೇಕೆಂದು ಕೇಳುವುದು ಅವರ ಪರವಾದ ಮಾತೇ ಹೊರತು ಅವರ ವಿರುದ್ಧದ್ದಲ್ಲ. ಬೆಚ್ಚನೆಯ ಬಣ್ಣದ ಎಲ್‌ಇಡಿಗೂ ತಣ್ಣನೆಯದಕ್ಕೂ ಒಂದು ಕಾಲದಲ್ಲಿದ್ದ ವ್ಯಾಟಿನ ಅಂತರವೂ ಈಗ ಬಹಳ ಕಿರಿದಾಗಿದೆ.

ದೀಪ ಹೆಚ್ಚಿದಷ್ಟೂ ಅಪರಾಧ ಇಳಿಯುತ್ತದೆ ಎಂಬುದೂ ಅಷ್ಟು ಸರಳವಲ್ಲ. ನ್ಯೂಯಾರ್ಕಿನ ಸರ್ಕಾರಿ ವಸತಿಗಳಲ್ಲಿ 2016ರಲ್ಲಿ ನಡೆದ ಪ್ರಯೋಗದಲ್ಲಿ ಹೆಚ್ಚುವರಿ ದೀಪ ಹಾಕಿದ ಕಡೆ ರಾತ್ರಿಯ ಗಂಭೀರ ಹೊರಾಂಗಣ ಅಪರಾಧ ಶೇಕಡ 36ರಷ್ಟು ಇಳಿಯಿತು. ಅದಕ್ಕೂ ಒಂದು ವರ್ಷ ಮೊದಲು ಪ್ರಕಟವಾದ ಇಂಗ್ಲೆಂಡ್ ಮತ್ತು ವೇಲ್ಸಿನ 62 ಸ್ಥಳೀಯ ಆಡಳಿತಗಳ ಅಧ್ಯಯನದಲ್ಲಿ ದೀಪ ಆರಿಸಿದ, ಕುಗ್ಗಿಸಿದ ಕಡೆಗಳಲ್ಲಿ ಅಪರಾಧವೋ ಅಪಘಾತವೋ ಹೆಚ್ಚಿದ್ದಕ್ಕೆ ಪುರಾವೆ ಸಿಗಲಿಲ್ಲ. ಎರಡೂ ನಿಜವಿರಬಹುದು. ಬೆಳಕಿಲ್ಲದ ಅಂಗಳಕ್ಕೆ ಬೆಳಕು ಕೊಡುವುದು ಬೇರೆ, ಬೆಳಗಿರುವ ಹೆದ್ದಾರಿಯ ಮೇಲೆ ಇನ್ನಷ್ಟು ಸುರಿಯುವುದು ಬೇರೆ. ದೀಪದ ಎಣಿಕೆಯಲ್ಲಿ ಈ ಎರಡಕ್ಕೂ ಭೇದವಿಲ್ಲ.

ಅಗ್ಗವಾದದ್ದು ಹೆಚ್ಚು ಖರ್ಚಾಗುತ್ತದೆ ಎಂಬುದೂ ಬಯಲಾಗಿದೆ. 2012ರಿಂದ 2016ರ ನಡುವೆ ಭೂಮಿಯ ಮೇಲೆ ಕೃತಕವಾಗಿ ಬೆಳಗಿದ ಪ್ರದೇಶ ವರ್ಷಕ್ಕೆ ಶೇಕಡ 2.2ರಂತೆ ಬೆಳೆಯಿತು ಎಂದು ಉಪಗ್ರಹದ ಅಧ್ಯಯನ ತೋರಿಸಿತು. ಎಲ್‌ಇಡಿ ಎಲ್ಲೆಡೆ ಹರಡಿದ ವರ್ಷಗಳೇ ಅವು. ಸೇತುವೆಗೆ ಬಣ್ಣದ ಪಟ್ಟಿ, ಮರದ ಕಾಂಡಕ್ಕೆ ಹಸಿರು ದೀಪ, ಕಂಬಕ್ಕೆ ತ್ರಿವರ್ಣದ ಸುರುಳಿ. ಅದೇ ಸೇತುವೆಯ ಕೆಳಗಿನ ದಾರಿಯಲ್ಲಿ ಕತ್ತಲೆ. ಇಂಥ ನೋಟ ಕಾಣದ ಮಹಾನಗರ ಈಗ ಕಡಿಮೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿರುವ ತನ್ನ ದೂರದರ್ಶಕವನ್ನು ಹೊಸಕೋಟೆಯಿಂದ ನಡೆಸುತ್ತದೆ. ಕತ್ತಲೆ ಬೇಕಾದವರು ಅಷ್ಟು ದೂರ ಹೋಗಬೇಕು. ಬೆಳಕು ಬೇಕಾದವರಿಗೆ ಮನೆ ಮುಂದಿನ ಗಲ್ಲಿಯಲ್ಲೂ ಅದು ಸಿಗುವುದಿಲ್ಲ. ಹಂಚಿಕೆ ಎಷ್ಟು ಕೆಟ್ಟಿದೆ ಎನ್ನಲು ಇನ್ನೇನು ಬೇಕು?

ಕೇಳಬೇಕಾದದ್ದು ಹೆಚ್ಚೇನಿಲ್ಲ. ಗುತ್ತಿಗೆದಾರನಿಗೆ ಹಣ ಸಂದಾಯವಾಗುವುದು ವ್ಯಾಟಿಗಲ್ಲ, ನೆಲದ ಮೇಲೆ, ಅದರಲ್ಲೂ ಫುಟ್‌ಪಾತಿನ ಮೇಲೆ, ಅಳೆದ ಲಕ್ಸಿಗೆ ಆಗಲಿ. ಅಳತೆ ದೀಪ ಹಾಕಿದ ದಿನ ಮಾತ್ರವಲ್ಲ, ಪ್ರತಿ ವರ್ಷ ನಡೆಯಲಿ. ವಸತಿ ಬೀದಿಗಳಲ್ಲಿ 3,000 ಕೆಲ್ವಿನ್ ಮೀರದಿರಲಿ. ದೀಪದ ಕಣ್ಣು ಕೆಳಗೆ ನೋಡಲಿ, ಅಡ್ಡಕ್ಕೆ ಬೆಳಕು ಹಾಯದಂತೆ ಮುಚ್ಚಳವಿರಲಿ. ಡ್ರೈವರನ್ನು ಬಿಚ್ಚಿ ಬೇರೆ ಕಂಪನಿಯದನ್ನು ಹಾಕಲು ಬರದ ದೀಪವನ್ನು ನಗರಸಭೆ ಕೊಳ್ಳದಿರಲಿ. ಕಂಬದ ಮೇಲೆ ದೀಪದ ಹೊರತು ಇನ್ನೇನನ್ನಾದರೂ ಕೂರಿಸುವ ಮೊದಲು ಆ ಬೀದಿಯವರನ್ನು ಕೇಳಲಿ. ಇದರಲ್ಲಿ ಯಾವುದಕ್ಕೂ ಹೊಸ ಆವಿಷ್ಕಾರ ಬೇಡ. ಇಂಡಕ್ಷನ್ ದೀಪದ ಕಾಲದಲ್ಲೂ ಇವನ್ನೆಲ್ಲ ಕೇಳಬಹುದಿತ್ತು. ಕೇಳಲಿಲ್ಲ, ಏಕೆಂದರೆ ಎಲ್ಲರೂ ಆಗ 22 ವರ್ಷದ ಬುರುಡೆಯನ್ನು ಬೆರಗಿನಿಂದ ನೋಡುತ್ತಿದ್ದರು. ಈಗ ಎಲ್‌ಇಡಿಯನ್ನು ಹಾಗೇ ನೋಡುತ್ತಿದ್ದಾರೆ. ಇದರ ನಂತರವೂ ಇನ್ನೊಂದು ದೀಪ ಬರುತ್ತದೆ, ಅದರ ಡಬ್ಬಿಯ ಮೇಲೆ ಇನ್ನೂ ದೊಡ್ಡ ಅಂಕಿ ಇರುತ್ತದೆ.

ಮರೀನ್ ಡ್ರೈವಿಗೆ ಅದರ ಸರ ಸಿಕ್ಕಿದೆ. ಕೊನೆಯ ಲೋಕಲ್ ಇಳಿದು ಮನೆಗೆ ಹೋಗುವವರ ಗಲ್ಲಿಯಲ್ಲಿ, ಕಂಬದಿಂದ ಕಂಬಕ್ಕೆ ನಡುವೆ ಇರುವ ಆ ಇಪ್ಪತ್ತು ಹೆಜ್ಜೆಯ ಕತ್ತಲನ್ನು ಅಳೆಯಲು ಇನ್ನೂ ಯಾರೂ ಬಂದಿಲ್ಲ. ಪಟ್ಟಿಯ ಪ್ರಕಾರ ಅಲ್ಲಿ ಎರಡು ದೀಪಗಳಿವೆ, ಎರಡೂ ಉರಿಯುತ್ತಿವೆ.